ಹಾಫ್ ಕ್ಲಚ್ಚಿನಲ್ಲಿ ನಿಂತವರು

ಇದು ನಡೆದದ್ದು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಸಂಪಾಜೆ ಕಡೆ ನನ್ನ ಬಾಯಿಂದ ಬಂದದ್ದನ್ನು ಯಾರೂ ಒಮ್ಮೆಗೇ ನಂಬುವುದಿಲ್ಲ. ಬಾಯಿ ಅಂಥದ್ದು. ಪಂಚಾಯ್ತಿ ಜೀಪಿನ ಮೈಕು, ಮರ ಕೊಯ್ಯುವ ಮೆಷಿನು, ಮೊಣ್ಣಪ್ಪಣ್ಣನ ಕೆಮ್ಮು, ಯಾವುದು ಬೇಕಾದರೂ ಅದರಿಂದ ಹೊರಡುತ್ತದೆ. ಓದಿದ್ದು ಬಿ.ಕಾಂ., ಆದರೆ ಒಂದು ದಿನವೂ ಕಾಮ್ ಆಗಿ ಕೂತವನಲ್ಲ. ಈ ಕಥೆಯಲ್ಲಿ ಸುಳ್ಳೆಂದು ಇರುವುದು ಒಂದು ಸದ್ದು ಮಾತ್ರ. ಅದು ನನ್ನದು. ಉಳಿದದ್ದೆಲ್ಲ ಸತ್ಯ, ಬೇಕಾದರೆ ನಮ್ಮ ಮಾವನನ್ನೇ ಕೇಳಿ.

ಮಾವ ಎಂದರೆ ನನ್ನ ತಾಯಿಯ ಅಣ್ಣ ನಾಣಯ್ಯ. ಅವರ ಹಳೆಯ ಬಿಳಿ ಕಾರಿನ ಕ್ಲಚ್ ಹೋದದ್ದು ಮರ್ಯಾದೆಯ ದೆಸೆಯಿಂದ. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸದೆ ಗಾಡಿ ಮುಂದೆ ಬಿಡುವ ಹಾಗಿಲ್ಲ. ಸಿಕ್ಕುವವರು ಸಮತಟ್ಟಿನಲ್ಲಿ ಸಿಕ್ಕುವುದೂ ಇಲ್ಲ, ಸಮತಟ್ಟು ಎಂಬುದು ನಮ್ಮಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಏರಿನ ನಟ್ಟನಡುವೆ ಯಾರೋ ಕೈ ಎತ್ತುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆದರೆ ಅಲ್ಲೇ ಬಿಡಾರ ಹೂಡಲು ಬಂದ ಹಾಗೆ. ಎಂಜಿನ್ ಆಫ್ ಮಾಡಿದರೆ ಮಾತು ಕಾಫಿಯವರೆಗೆ ಎಳೆಯುತ್ತದೆ. ಕೈ ಬೀಸಿ ಹೋದರೋ, ಸಂಜೆಯೊಳಗೆ ಊರಿಡೀ ‘ನಾಣಯ್ಯಂಗೆ ಈಗ ದೊಡ್ಡಸ್ತಿಕೆ’ ಎಂದಾಗುತ್ತದೆ. ಹಾಗಾಗಿ ಹಾಫ್ ಕ್ಲಚ್. ಎಡಗಾಲು ಅರ್ಧ ಒತ್ತಿ, ಬಲಗಾಲಲ್ಲಿ ಚೂರು ಪೆಟ್ರೋಲು ಕೊಟ್ಟು, ಗಾಡಿ ಹಿಂದಕ್ಕೂ ಜಾರದೆ ಮುಂದಕ್ಕೂ ಹೋಗದೆ ಗುಂಯ್ ಎನ್ನುತ್ತಾ ನಿಂತಿರುತ್ತದೆ. ಹೊರಟವನ ಹಾಗೂ ಕಾಣಬೇಕು, ನಿಂತವನ ಹಾಗೂ ಕಾಣಬೇಕು. ಮಾವ ಈ ವಿದ್ಯೆಯಲ್ಲಿ ಪಳಗಿದವರು.

ಅವರ ಹೆಂಡತಿ ಬೊಳ್ಳಮ್ಮತ್ತೆಯ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆ ಕೈ ಎತ್ತುವವರು ಹೆಚ್ಚಾದರು. ಮಂಗಳೂರಿನ ಆಸ್ಪತ್ರೆಗೆ ಹೋಗುವಾಗಲೂ ಬರುವಾಗಲೂ ಏರಿಗೊಬ್ಬರು. ತಪ್ಪದೆ ಸಿಕ್ಕುವವರು, ರಸ್ತೆ ಹೈವೇಗೆ ಸೇರುವ ಕೊನೆಯ ಏರಿನಲ್ಲಿ, ಅಲ್ಲೇ ಮನೆಯಿದ್ದ ಮೊಣ್ಣಪ್ಪಣ್ಣ. ಕಿಟಕಿಗೆ ಮೊಣಕೈ ಊರಿ, ಒಂದು ಕೆಮ್ಮು ಕೆಮ್ಮಿ, “ಹೆಂಗುಟ್ಟು ಈಗ?”, ಹೇಗಿದೆ ಈಗ, ಎಂದು ನಮ್ಮ ಅರೆಭಾಷೆಯಲ್ಲಿ ಕೇಳುತ್ತಿದ್ದರು. ಮಾವ ಹಾಫ್ ಕ್ಲಚ್ಚಿನಲ್ಲಿ, “ಪರವಾಗಿಲ್ಲೆ, ಹೀಂಗೇ ಹೋಗಿ ಬರುದು” ಎನ್ನುತ್ತಿದ್ದರು. ಮೊಣ್ಣಪ್ಪಣ್ಣ ಅಷ್ಟಕ್ಕೆ ಬಿಡುವವರೇ? “ನಮ್ಮ ಮೂರ್ನಾಡಿನ ಭಾವಂಗೂ ಇದೇ ಆದ್ದ್ ಮಾರಾಯ. ಚಂದ ಇದ್ದ ಜನ. ಮತ್ತೆ…” ಎಂದು ಹಿಂದಿನ ಸೀಟಿನ ಕಡೆ ನೋಡಿ ನಿಲ್ಲಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಅತ್ತೆ, ಮಡಿಲಲ್ಲಿ ಟವೆಲು, ಕಾಲಿನ ಬಳಿ ಬಕೆಟು. ಭಾವನ ‘ಮತ್ತೆ’ ಏನಾಯಿತೆಂದು ಅವರು ಎಂದೂ ಕೇಳಲಿಲ್ಲ. ಕಾರಿನೊಳಗೆ ಸುಟ್ಟ ವಾಸನೆ ಏಳುತ್ತಿತ್ತು. ಊರಿನವರ ಕನಿಕರ ಇಷ್ಟಿಷ್ಟಾಗಿ ಆ ಕ್ಲಚ್ ಪ್ಲೇಟನ್ನು ತಿಂದುಹಾಕಿತು.

ಅದರ ಜೊತೆಗೆ ಟಕ್ ಎಂಬ ಸದ್ದು. ಮುಂದಿನ ಚಕ್ರ ಸಣ್ಣ ಗುಂಡಿಗೆ ಇಳಿದರೂ ಸಾಕು, ಕಾರಿನ ಅಡಿಯಿಂದ ಯಾರೋ ಬೆರಳ ಗೆಣ್ಣಿನಲ್ಲಿ ಬಾಗಿಲು ತಟ್ಟಿದ ಹಾಗೆ, ಟಕ್. ಪ್ರತಿ ಟಕ್ಕಿಗೂ ಅತ್ತೆಯ ಕೈ ತನ್ನಷ್ಟಕ್ಕೆ ಪಕ್ಕೆಗೆ ಹೋಗುತ್ತಿತ್ತು. ಕನ್ನಡಿಯಲ್ಲಿ ಮಾವ ಅದನ್ನು ನೋಡುತ್ತಿದ್ದರು. ರಸ್ತೆ ನೋಡುವುದಕ್ಕಿಂತ ಹೆಚ್ಚು ಅದನ್ನೇ ನೋಡುತ್ತಿದ್ದರು.

ಫೆಬ್ರವರಿಯಲ್ಲಿ ಒಂದು ದಿನ ಆಸ್ಪತ್ರೆಯಿಂದ ಬರುವಾಗ ಮನೆಯ ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯಿತು, ಕಾರು ಮಾತ್ರ ಕದಲಲಿಲ್ಲ. ಅತ್ತೆ ಇಳಿದು ನನ್ನ ಹೆಗಲು ಹಿಡಿದು ನಡೆದರು. ಎರಡು ಹೆಜ್ಜೆಗೊಮ್ಮೆ ನಿಂತು, “ಹೆಂಗುಟ್ಟು ಈಗ?” ಎಂದು ತಾವೇ ಮೊಣ್ಣಪ್ಪಣ್ಣನ ಹಾಗೆ ಕೇಳಿಕೊಂಡರು. ಮಿಮಿಕ್ರಿ ಅವರಿಗೆ ಸ್ವಲ್ಪವೂ ಬರುತ್ತಿರಲಿಲ್ಲ.

ಕಾರನ್ನು ನಾವು ನಾಲ್ಕು ಜನ ಸೇರಿ ಕಣಕ್ಕೆ ತಳ್ಳಿದೆವು. ಸಂಪಾಜೆಯ ಗ್ಯಾರೇಜಿನವನು ಬಂದು ಬಗ್ಗಿ ನೋಡಿದ. ಕ್ಲಚ್ ಪೂರ್ತಿ ಹೋಗಿದೆ, ಸಬ್‌ಫ್ರೇಮಿನ ಬುಶ್‌ಗಳ ರಬ್ಬರೂ ಹರಿದಿದೆ, ಟಕ್ ಎನ್ನುವುದು ಅದೇ, ಕೈಯಲ್ಲಿರುವ ಗಾಡಿಗಳು ಮುಗಿದ ಮೇಲೆ ಎಳೆದುಕೊಂಡು ಹೋಗುತ್ತೇನೆ ಎಂದ. ಅಷ್ಟು ಕಾಯುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಔಷಧ ಬದಲಾಯಿಸಿದ್ದರು. ಹೊಸದರ ಮುಂದಿನ ಸುತ್ತು ತಪ್ಪಬಾರದು, ತಪ್ಪಿದರೆ ಇಷ್ಟು ದಿನ ಕೊಟ್ಟದ್ದೂ ವ್ಯರ್ಥ ಎಂದಿದ್ದರು. ಬಾಡಿಗೆ ಕಾರು ಮಾಡೋಣವೆಂದರೆ ಅತ್ತೆ ಒಪ್ಪಲಿಲ್ಲ. ಒಮ್ಮೆ ಬಾಡಿಗೆ ಕಾರಿನಲ್ಲಿ ವಾಂತಿಯಾಗಿ, ಆ ಡ್ರೈವರು ಏನೂ ಹೇಳದೆ ಸುಳ್ಯದ ನಲ್ಲಿಯಲ್ಲಿ ಸೀಟು ತೊಳೆದಿದ್ದ. ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದರೋ ಏನೋ.

“ನಾನೇ ಬಿಚ್ಚಿನೆ” ಎಂದರು ಮಾವ.

“ನೀವಾ? ಮಾವ, ನೀವು ಬಿಚ್ಚಿದ್ದರಲ್ಲಿ ದೊಡ್ಡದು ಸ್ಪ್ರೇಯರ್ ಪಂಪು.”

“ಪಂಪಿಗೂ ವಾಷರ್ ಉಟ್ಟು, ಇದಕ್ಕೂ ವಾಷರ್ ಉಟ್ಟು. ಮೊಬೈಲಲ್ಲಿ ಎಲ್ಲ ತೋರ್ಸಿಯೊಳ. ನೀ ಸುಮ್ಮನೆ ಸ್ಪ್ಯಾನರ್ ಕೊಡು.”

ನನಗೆ ಆಗ ಅರ್ಥವಾಗದ್ದು ಇಷ್ಟು: ಆ ಮನುಷ್ಯ ತಿಂಗಳುಗಟ್ಟಲೆ ಆಸ್ಪತ್ರೆಯ ಬೆಂಚಿನಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಬಂದವರು. ಕೈಗೆ ಏನಾದರೂ ಬೇಕಿತ್ತು.

ಕಾರಿನ ಮೂತಿಯನ್ನು ಜ್ಯಾಕಿನಲ್ಲಿ ಎತ್ತಿ ಅಡಿಗೆ ಸಿಲ್ವರ್ ಓಕಿನ ದಿಮ್ಮಿಗಳನ್ನು ಕೊಟ್ಟೆವು. ಇನ್ನೊಂದು ತೊಲೆಯನ್ನು ಬಾನೆಟ್ಟಿನ ಜಾಗದಲ್ಲಿ ಅಡ್ಡ ಇಟ್ಟು ಎಂಜಿನ್ನನ್ನು ಸರಪಳಿಯಲ್ಲಿ ತೂಗುಹಾಕಿದೆವು. ಯಾಕೆಂದರೆ ಎಂಜಿನ್ನಿನ ಅಡಿಯಲ್ಲಿ ಒಂದು ಕಬ್ಬಿಣದ ಚೌಕಟ್ಟಿದೆ, ಅದೇ ಸಬ್‌ಫ್ರೇಮು. ಮುಂದಿನ ಚಕ್ರಗಳ ತೋಳುಗಳು ಅದಕ್ಕೇ ಜೋಡಿಸಿರುತ್ತವೆ. ಅದನ್ನು ಇಳಿಸದೆ ನಮ್ಮ ಕಾರಿನ ಗೇರ್‌ಬಾಕ್ಸು ಹೊರಗೆ ಬರುವುದಿಲ್ಲ, ಗೇರ್‌ಬಾಕ್ಸು ಬಾರದೆ ಕ್ಲಚ್ಚು ಕಾಣುವುದಿಲ್ಲ.

“ಸಬ್ ಅಂದ್ರೆ ಹಿಂದಿಯಲ್ಲಿ ಎಲ್ಲ ಅಲ್ವಾ ಮಾವ? ಎಲ್ಲ ನಿಂತದ್ದು ಈ ಫ್ರೇಮಿನ ಮೇಲೇ.”

“ನಿನ್ನ ಬಾಯಿಗೊಂದು ಬೋಲ್ಟ್ ಹಾಕಿಕೆ ಉಟ್ಟು. ಹದಿನೇಳರ ಸ್ಪ್ಯಾನರ್ ಕೊಡು.”

ಕ್ಲಚ್ ಪ್ಲೇಟು ಹೊರಗೆ ಬಂದಾಗ ಅದರ ಮೇಲೆ ಏನೂ ಉಳಿದಿರಲಿಲ್ಲ. ರಿವೆಟ್ಟಿನ ತಲೆಗಳು ಹೊಳೆಯುತ್ತಿದ್ದವು. ಮಾವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಅತ್ತೆಗೆ ತೋರಿಸಿದರು. “ನೋಡ್, ನಿನ್ನ ಕ್ಷೇಮ ಕೇಳಿದವು ತಿಂದದ್ದ್.” ಅತ್ತೆ ನಕ್ಕರು. ನಕ್ಕದ್ದಕ್ಕೆ ಪಕ್ಕೆ ಹಿಡಿದುಕೊಂಡರು.

ಹೊಸ ಪ್ಲೇಟು ಸರಿಯಾಗಿ ನಡುವೆ ಕೂರಬೇಕು, ಅದಕ್ಕೊಂದು ಗೂಟದಂಥ ಸಾಧನ ಬೇಕು. ಅದು ನಮ್ಮಲ್ಲಿ ಇರಲಿಲ್ಲ. ಮಾವ ಕಾಫಿ ಗಿಡದ ಒಣಗಿದ ಕೊಂಬೊಂದನ್ನು ಕತ್ತಿಯಲ್ಲಿ ಹೆರೆದು, ಗಾಜಿನ ಚೂರಿನಲ್ಲಿ ಉಜ್ಜಿ, ಅಳತೆಗೆ ತಂದರು. ಬುಶ್‌ಗಳದ್ದು ಇನ್ನೂ ಕಷ್ಟ. ಹಳೆಯ ರಬ್ಬರನ್ನು ಪೈಪಿನ ತುಂಡು, ಉದ್ದ ಬೋಲ್ಟು, ವಾಷರುಗಳನ್ನು ಸೇರಿಸಿ ತಿರುಪಿ ತಿರುಪಿ ಹೊರಗೆ ಎಳೆಯಬೇಕು, ಹೊಸದನ್ನು ಹಾಗೆಯೇ ಒಳಗೆ ಕೂರಿಸಬೇಕು. ಎಣ್ಣೆ ಹಚ್ಚಿದರೆ ರಬ್ಬರು ಕೆಡುತ್ತದೆ. ಅತ್ತೆ ತಮ್ಮ ಸ್ನಾನದ ಸೋಪನ್ನು ಕಳಿಸಿದರು. ಗಂಧದ ಪರಿಮಳ ಬೀರುತ್ತಾ ಬುಶ್‌ಗಳು ಒಂದೊಂದಾಗಿ ಒಳಗೆ ಜಾರಿದವು. ಕೊನೆಯದು ಕೂತಾಗ ಮಾವ ಕಬ್ಬಿಣವನ್ನು ಅಂಗೈಯಲ್ಲಿ ತಟ್ಟಿದರು, ಹಸುವನ್ನು ತಟ್ಟುವ ಹಾಗೆ.

ಆ ದಿನಗಳಲ್ಲಿ ನನಗೆ ಎರಡು ಕೆಲಸ. ಕಣದಲ್ಲಿ ಸ್ಪ್ಯಾನರ್ ಕೊಡುವುದು, ಜಗಲಿಯಲ್ಲಿ ಅತ್ತೆಯನ್ನು ನಗಿಸುವುದು. ಎಂಜಿನ್ ಬೊಬ್ಬೆ, ಆಸ್ಪತ್ರೆಯ ಲಿಫ್ಟಿನೊಳಗಿನ ಹೆಂಗಸಿನ ದನಿ, ಫೈಲು ಮಡಚುತ್ತಾ “ನೋಡೋಣ ಅಮ್ಮಾ, ನೋಡೋಣ” ಎನ್ನುವ ಡಾಕ್ಟರು. ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು ಆ ಟಕ್. ನಾಲಿಗೆಯ ಹಿಂಭಾಗವನ್ನು ಅಂಗುಳಕ್ಕೆ ಒತ್ತಿ ಬಿಡಬೇಕು, ತುಟಿ ಅಲುಗಬಾರದು. ಮಾಡಿದರೆ ಸದ್ದು ಕಾರಿನ ಅಡಿಯಿಂದಲೇ ಬಂದ ಹಾಗೆ.

“ನಂಗೂ ಕಲ್ಸು” ಎಂದರು ಅತ್ತೆ. ಕಲಿಸಿದೆ. ಅವರದ್ದು ‘ಟೊಳ್’ ಎಂದಿತು, ಹಸಿ ತೆಂಗಿನಕಾಯಿ ಬಿದ್ದ ಹಾಗೆ. ಔಷಧದಿಂದ ಬಾಯಿಯೆಲ್ಲ ಹುಣ್ಣು, ನಾಲಿಗೆ ಒಣಗಿತ್ತು.

“ನಿಂದೇ ಚಂದ” ಎಂದು ಅವರು ಕಣದ ಕಡೆ ನೋಡಿ ದನಿ ತಗ್ಗಿಸಿದರು. “ಟ್ರಯಲ್ ಹೋಕನ ಇದನ್ನ ಮಾಡ್, ಆತಾ? ಅವರ ಮೋರೆ ನೋಡಿಕೆ ಆಸೆ.”

ಇಂಥ ಮಾತು ನನಗೆ ಎರಡು ಸಲ ಹೇಳಬೇಕಾಗಿಲ್ಲ.

ಟ್ರಯಲ್ಲಿನ ದಿನ ಕಾರು ಕಣದಿಂದ ಬೆಣ್ಣೆಯ ಹಾಗೆ ಹೊರಟಿತು. ಮನೆಯ ಏರು ಹತ್ತಿತು, ತೋಟದ ಗುಂಡಿಗಳಲ್ಲಿ ಇಳಿದೆದ್ದಿತು, ಒಂದು ಸದ್ದಿಲ್ಲ. ಮಾವ ಮೊದಲ ಬಾರಿ ಕನ್ನಡಿ ಬಿಟ್ಟು ರಸ್ತೆ ನೋಡುತ್ತಿದ್ದರು. “ಕೇಳ್ತಾ? ಎಂತದೂ ಇಲ್ಲೆ. ಅವಳ ಪಕ್ಕೆಗಿನ್ನು ತಾಗದ್ದಾಂಗೆ ಕರ್ಕಂಡ್ ಹೋಕಕ್ಕು” ಎಂದರು. ಮುಂದಿನ ಗುಂಡಿಯಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಾ, ಟಕ್.

ಮಾವ ಬ್ರೇಕು ಒತ್ತಿದರು. “ಎಂತದದು?”

“ಎಂತದು ಮಾವ?”

“ಟಕ್ ಹೇಳ್ತಲ್ಲ.”

“ಹೌದಾ?”

ಮತ್ತೆ ಹೊರಟರು. ಮತ್ತೆ ಟಕ್. ಮೋರೆ ನೋಡಬೇಕೆಂದು ಅತ್ತೆ ಆಸೆಪಟ್ಟಿದ್ದರಲ್ಲ, ನಾನೊಬ್ಬನೇ ನೋಡಿದೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಈಗ ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಕಾರು ಕಣಕ್ಕೆ ಬಂದಿತ್ತು, ಮಾವ ಜ್ಯಾಕು ಹುಡುಕುತ್ತಿದ್ದರು. ಜಗಲಿಯಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿ ಹಿಡಿದು ಕಣ್ಣಲ್ಲೇ ಬೇಡ ಎಂದರು. ಹೇಳಬೇಡ.

ಸಬ್‌ಫ್ರೇಮು ಮತ್ತೆ ಇಳಿಯಿತು. ಆಸ್ಪತ್ರೆಯ ದಿನ ಬಂತು, ಕಾರು ದಿಮ್ಮಿಗಳ ಮೇಲೆ ಇತ್ತು. ಮಾವ ಫೋನು ಮಾಡಿದರು. ಹತ್ತಿರದ ದಿನವೊಂದನ್ನು ಕೊಡುತ್ತೇವೆ, ಅದನ್ನು ಬಿಡಬೇಡಿ ಎಂದರು ಆಸ್ಪತ್ರೆಯವರು. ಆ ಸಂಜೆ ಅತ್ತೆ ಬಹಳ ದಿನಗಳ ನಂತರ ಮೀನು ಸಾರಿನ ವಾಸನೆ ತಡೆದುಕೊಂಡು ಎರಡು ತುತ್ತು ಉಂಡರು. ಔಷಧ ಇಲ್ಲದ ಬಾಯಿಗೆ ರುಚಿ ಮರಳುತ್ತಿತ್ತು.

ಎರಡನೇ ಟ್ರಯಲ್ಲಿಗೆ ಮೊದಲು ಅವರೇ ನನ್ನನ್ನು ಕರೆದರು. “ಇವತ್ತೂ ಮಾಡ್.”

“ಅತ್ತೆ, ಇದು ತಮಾಷೆ ಆಗಿ ಉಳಿಲಿಲ್ಲ. ಮಾವ ರಾತ್ರಿ ನಿದ್ದೆ ಮಾಡುದಿಲ್ಲ. ದಿನ ಬೇರೆ ತಪ್ಪಿತು.”

“ತಪ್ಪಲಿ ಅಂತಲೇ ಹೇಳ್ದು.”

ಅವರು ಟವೆಲಿನ ಅಂಚನ್ನು ಮಡಚುತ್ತಾ ಬಿಡಿಸುತ್ತಾ ಹೇಳಿದರು. “ಆ ಡಾಕ್ಟ್ರು ‘ನೋಡೋಣ’ ಹೇಳುವಾಗ ನನ್ನ ಮೋರೆ ನೋಡುದಿಲ್ಲೆ ಮಗ, ಫೈಲ್ ನೋಡುದು. ನಂಗೆ ಗೊತ್ತಾತ್. ನಿನ್ನ ಮಾವಂಗೂ ಗೊತ್ತುಟ್ಟು, ಒಪ್ಪುದಿಲ್ಲೆ. ನಾ ಮದ್ದು ಬೇಡ ಹೇಳಿರೆ ಅವು ಜಗಳ ಮಾಡುದಿಲ್ಲೆ. ಒಳಗೆ ಹೋಗಿ ಗೋಡೆ ನೋಡಿಕಂಡ್ ಕೂರ್ದು. ಬೇಡ ಹೇಳುದು ಗಾಡಿ ಆದ್ರೆ ಅದರ ಅಡಿಲಿ ಮಲಗುದಾದ್ರೂ ಮಾಡ್ತಾ ಒಳ. ಇಲ್ಲಿಂದ ನಂಗೆ ಅವರ ಕಾಲ್ ಕಾಂಬದೆ.”

ಕಣದಲ್ಲಿ ಕಾರಿನ ಅಡಿಯಿಂದ ಮಾವನ ಎರಡು ಕಾಲುಗಳು ಹೊರಗೆ ಕಾಣುತ್ತಿದ್ದವು. ಒಂದು ಚಪ್ಪಲಿ ಕಳಚಿತ್ತು.

“ಮತ್ತೆ ಆ ದಾರಿ,” ಎಂದರು ಅತ್ತೆ. “ಒಬ್ಬೊಬ್ಬರಿಗೂ ಪರವಾಗಿಲ್ಲೆ, ಪರವಾಗಿಲ್ಲೆ. ನಂಗಿನ್ನು ಹೇಳಿಕೆ ಆಗುದಿಲ್ಲೆ.”

ಆವತ್ತು ನಾನು ತಿಳಿದೇ ಟಕ್ ಎಂದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾವ ಸದ್ದನ್ನೂ ಮಾಡಿದ್ದಿಲ್ಲ. ಗುಂಡಿಗೆ ಸರಿಯಾಗಿ, ತಿರುವಿಗೆ ಸರಿಯಾಗಿ, ಬ್ರೇಕು ಒತ್ತಿದಾಗ ಸ್ವಲ್ಪ ಮೆಲ್ಲಗೆ. ಮಾವ ಈ ಸಲ ನಿಲ್ಲಿಸಲೂ ಇಲ್ಲ, ಕೇಳಲೂ ಇಲ್ಲ. ಮನೆಗೆ ತಂದು ಮೂತಿ ಎತ್ತಿ ಅಡಿಗೆ ಜಾರಿದರು. ಬಹಳ ಹೊತ್ತು ಸ್ಪ್ಯಾನರಿನ ಸದ್ದು ಬರಲಿಲ್ಲ. ಬಗ್ಗಿ ನೋಡಿದೆ. ಅಂಗಾತ ಮಲಗಿ ಎರಡೂ ಅಂಗೈಗಳನ್ನು ಸಬ್‌ಫ್ರೇಮಿಗೆ ಕೊಟ್ಟು, ಅದು ತಮ್ಮ ಮೇಲೆ ಬೀಳದ ಹಾಗೆ ಹಿಡಿದವರಂತೆ, ಕಣ್ಣು ಬಿಟ್ಟುಕೊಂಡಿದ್ದರು.

“ಎಲ್ಲ ಟೈಟ್ ಉಟ್ಟು ಪ್ರಜ್ಞೇಶ” ಎಂದರು. “ಬುಶ್ ಹೊಸದ್. ಬೋಲ್ಟ್ ಹೊಸದ್. ಸಡಿಲ ಇರುದು ಒಂದೂ ಇಲ್ಲೆ. ಮತ್ತೆ ಎಲ್ಲಿಂದ ಬಂದದೆ ಇದ್?”

ನನ್ನಲ್ಲಿ ಉತ್ತರ ಇತ್ತು. ಎಲ್ಲರ ದನಿಯೂ ಬರುವ ಬಾಯಲ್ಲಿ ನನ್ನ ದನಿ ಮಾತ್ರ ಇರಲಿಲ್ಲ.

“ಆಸ್ಪತ್ರೇಲಿ ನಂಗೆ ಎಂತದೂ ಗೊತ್ತಾಗುದಿಲ್ಲೆ” ಎಂದರು ಮಾವ, ಕಬ್ಬಿಣಕ್ಕೇ ಹೇಳುವವರ ಹಾಗೆ. “ಅವು ಹೇಳಿದಲ್ಲಿ ಕೂರುದು, ಹೇಳಿದಲ್ಲಿ ಸೈನ್ ಹಾಕುದು. ಇದಾದ್ರೂ ನನ್ನ ಕೈಲಿ ಆಗುದು ಅಂತ ಮಾಡ್ದೆ. ಇದೂ ಇಲ್ಲೆ.”

ಅವರು ಮತ್ತೆ ಬಿಚ್ಚಲಿಲ್ಲ. ಕೊಟ್ಟ ದಿನ ಬಂತು. ಬೆಳಿಗ್ಗೆ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ, ಬಕೆಟನ್ನು ತೊಳೆದು ಹಿಂದಿನ ಸೀಟಿನ ಬಳಿ ಇಟ್ಟರು. “ಸದ್ದ್ ಇದ್ರೆ ಇರ್ಲಿ. ಮೆಲ್ಲಂಗೆ ಹೋಕು” ಎಂದರು. ಅತ್ತೆ ಸೀರೆ ಉಟ್ಟು ಬಂದರು. ಸೀರೆಯೊಳಗೆ ಅವರು ಇದ್ದಾರೋ ಇಲ್ಲವೋ ಎಂಬಷ್ಟು ಸಣ್ಣಗಾಗಿದ್ದರು. ಹತ್ತುವ ಮೊದಲು ಕಣ, ಜಗಲಿ, ಖಾಲಿ ಕುರ್ಚಿ ಎಲ್ಲವನ್ನೂ ಒಂದು ಸುತ್ತು ನೋಡಿದರು.

ನಾನು ಮುಂದೆ ಕೂತೆ. ತೋಟದ ದಾರಿಯಲ್ಲಿ ಕಾಫಿ ಹೂ ಅರಳಿ ಎರಡೂ ಬದಿ ಬೆಳ್ಳಗಿತ್ತು, ಕಿಟಕಿಯೊಳಗೆ ಅದರ ಪರಿಮಳ ನುಗ್ಗಿ ಬರುತ್ತಿತ್ತು. ಮೊದಲ ಗುಂಡಿ ಬಂತು. ಹಿಂದಿನಿಂದ ಅತ್ತೆಯ ಬೆರಳು ನನ್ನ ಸೀಟಿನ ಬೆನ್ನಿಗೆ ತಟ್ಟಿತು. ನಾನು ಟಕ್ ಎನ್ನಲಿಲ್ಲ. ಎರಡನೇ ಗುಂಡಿ. ಬೆರಳು ಮತ್ತೆ ತಟ್ಟಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡೇ ಇತ್ತು, ಬಿಡಲು ಆಗಲಿಲ್ಲ. ಮಾಡಿದರೆ ಮಾವನ ಆ ಕಣ್ಣು, ಮಾಡದಿದ್ದರೆ ಅತ್ತೆಯ ಈ ಬೆರಳು. ಕಾರು ಒಂದು ಸದ್ದಿಲ್ಲದೆ ಹೋಗುತ್ತಿತ್ತು. ಮಾವ ಕಿವಿಗೊಟ್ಟು ಕಾಯುತ್ತಿದ್ದರು. ಸದ್ದು ಬರಲಿಲ್ಲವೆಂದು ಅವರ ಮುಖ ಅರಳುತ್ತಾ ಬಂತು. ಅದು ನೋಡಲಾಗದಷ್ಟು ಅರಳಿತು.

“ಸರಿ ಆತ್ ಬೊಳ್ಳೂ! ತನ್ನಿಂದ ತಾನೇ ಸರಿ ಆತ್! ಬುಶ್ ಸೆಟ್ ಆಕೆ ಟೈಮ್ ಬೇಕಿತ್ತ್ ಕಾಂತದೆ.”

ಅತ್ತೆಯ ಬೆರಳು ನಿಂತಿತು.

ಹೈವೇಗೆ ಸೇರುವ ಕೊನೆಯ ಏರು. ಎಡಕ್ಕೆ ತಿರುಗಿದರೆ ಸುಳ್ಯ, ಮಂಗಳೂರು. ಏರಿನ ನಡುವೆ, ಬೇರೆ ಯಾರು, ಮೊಣ್ಣಪ್ಪಣ್ಣ ಕೈ ಎತ್ತಿದರು. ಮಾವನ ಎಡಗಾಲು ಅರ್ಧ, ಬಲಗಾಲು ಚೂರು. ಹೊಸ ಕ್ಲಚ್ಚು ಗುಂಯ್ ಎನ್ನುತ್ತಾ ಏರಿನಲ್ಲಿ ಹಿಡಿದು ನಿಂತಿತು. ಕಿಟಕಿಗೆ ಮೊಣಕೈ ಬಂತು, ಕೆಮ್ಮು ಬಂತು.

“ಗಾಡಿ ಆತಾ? ಎಲ್ಲಿಗೆ, ಮಂಗಳೂರಿಗಾ?” ಆಮೇಲೆ ಹಿಂದಿನ ಸೀಟಿಗೆ, ಗಂಟಲು ಇಳಿಸಿ, “ಹೆಂಗುಟ್ಟು ಈಗ?”

ಕಾರು ಒಂದಿಂಚೂ ಅಲುಗದೆ ನಿಂತಿತ್ತು. ಆಗ ಹಿಂದಿನಿಂದ ಸದ್ದು ಬಂತು.

ಟೊಳ್.

ಮೊಣ್ಣಪ್ಪಣ್ಣ ಬೆಚ್ಚಿ ಚಕ್ರದ ಕಡೆ ನೋಡಿದರು. ಮಾವ ಮೊದಲು ನನ್ನ ಬಾಯಿ ನೋಡಿದರು, ಆಮೇಲೆ ಕನ್ನಡಿ. ಕನ್ನಡಿಯಲ್ಲಿ ಅತ್ತೆ. ತುಟಿ ಇನ್ನೂ ಒಂದು ಬದಿಗೆ ಓರೆಯಾಗಿತ್ತು, ಹುಣ್ಣಿಗೆ ನಾಲಿಗೆ ತಾಗಿ ಕಣ್ಣಲ್ಲಿ ನೀರು ಬಂದಿತ್ತು. ಕೈ ಪಕ್ಕೆಯ ಮೇಲೆ. ನಿಂತ ಕಾರಿನಲ್ಲಿ.

ನಿಂತ ಕಾರು ಟಕ್ ಎನ್ನುವುದಿಲ್ಲ. ಸಬ್‌ಫ್ರೇಮನ್ನು ಎರಡು ಸಲ ಎದೆಯ ಮೇಲೆ ಇಳಿಸಿಕೊಂಡ ಮನುಷ್ಯನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವರ ಮುಖದಲ್ಲಿ ಟ್ರಯಲ್ಲಿನ ಗುಂಡಿಗಳು, ತಪ್ಪಿದ ಆಸ್ಪತ್ರೆಯ ದಿನ, ಒಂದೊಂದಾಗಿ ಹಾದುಹೋದದ್ದು ನನಗೆ ಕಂಡಿತು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕಿತ್ತು.

“ಇನ್ನೊಂದ್ಸಲ ಮಾಡ್” ಎಂದರು ಮಾವ, ಕನ್ನಡಿಗೆ.

“ಬೇಡ ಮಾರಾಯ್ರೆ.”

“ಮಾಡ್ ಬೊಳ್ಳೂ.”

ಟೊಳ್. ಮೊದಲಿನದಕ್ಕಿಂತ ಕಡೆ.

ಮಾವ ಸ್ವಲ್ಪ ಹೊತ್ತು ಎದುರಿಗಿದ್ದ ಹೈವೇಯನ್ನು ನೋಡಿದರು. ಒಂದು ಬಸ್ಸು ಮಂಗಳೂರಿನ ಕಡೆ ಇಳಿದು ಹೋಯಿತು. ಆಮೇಲೆ ಅವರು ಎಂದೂ ಆ ಏರಿನಲ್ಲಿ ಮಾಡದ ಕೆಲಸ ಮಾಡಿದರು. ಹ್ಯಾಂಡ್‌ಬ್ರೇಕನ್ನು ಕರ್ರ್ ಎಂದು ಕೊನೆಯವರೆಗೆ ಎಳೆದು, ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದರು. ಎರಡೂ ಕಾಲುಗಳನ್ನು ಪೆಡಲುಗಳಿಂದ ತೆಗೆದು ಮ್ಯಾಟಿನ ಮೇಲಿಟ್ಟರು.

“ಎಂತ, ಇಳಿಯುದಾ?” ಎಂದರು ಮೊಣ್ಣಪ್ಪಣ್ಣ, ಗಾಬರಿಯಾಗಿ. “ಮಂಗಳೂರಿಗೆ ಹೊತ್ತಾಗುದಿಲ್ಲೆನಾ?”

“ಎಲ್ಲಿಗೂ ಇಲ್ಲೆ ಮೊಣ್ಣಪ್ಪ” ಎಂದರು ಮಾವ. “ಹೂ ನೋಡಿಕೆ ಬಂದದ್ದ್. ಇನ್ನು ಮನೆಗೆ.”

ಅಷ್ಟು ಹೇಳಿ ನಗಲು ಶುರುಮಾಡಿದರು. ಮೊದಲು ಹೆಗಲು ಮಾತ್ರ ಅಲುಗಿತು, ಆಮೇಲೆ ಹೊಟ್ಟೆಯಿಂದ ಎದ್ದು ಬಂತು. ನನ್ನ ಕತ್ತು ಹಿಡಿದು ಅಲುಗಾಡಿಸಿದರು. “ಅಂವ ಚೂರಾದ್ರೂ ಚಂದ ಮಾಡಿತ್ತ್ ಬೊಳ್ಳೂ. ನಿಂದ್ ಎಂತ, ಕಾಯಿ ಬಿದ್ದಾಂಗೆ!” ಅತ್ತೆ ಟವೆಲಿನೊಳಗೆ ಮುಖ ಹಾಕಿ ನಗುತ್ತಿದ್ದರು, ನಗುವಿಗೂ ಪಕ್ಕೆ ನೋಯುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಏನೂ ಗೊತ್ತಿಲ್ಲದ ಮೊಣ್ಣಪ್ಪಣ್ಣನೂ ಮರ್ಯಾದೆಗೆಂದು ನಕ್ಕರು. ನಾನು ನಕ್ಕೆನೋ, ನಗುವವರ ಹಾಗೆ ಮಾಡಿದೆನೋ, ತಿಳಿಯದು. ಮಾವ ಸ್ಟಿಯರಿಂಗಿಗೆ ಹಣೆ ಕೊಟ್ಟು, ನಮ್ಮೆಲ್ಲರ ನಗು ನಿಂತ ಮೇಲೂ, ಆ ನಿಂತ ಕಾರು ಅಲುಗುವ ಹಾಗೆ, ಜೋರಾಗಿ ನಗುತ್ತಲೇ ಇದ್ದರು.